ಗಾಬರಿಗೆ ಮೇವು ಹಾಕುತ್ತಿರುವುದು ಕಾಫಿ ಒಂದೇ ಅಲ್ಲ

ಪ್ರಶ್ನೆ: ನನಗೆ 36 ವರ್ಷ. ಮಂಡ್ಯದ ಖಾಸಗಿ ಶಾಲೆಯೊಂದರಲ್ಲಿ ಟೀಚರ್. ತವರು ಮೈಸೂರು. ಏಳು ತಿಂಗಳ ಹಿಂದೆ ಅಮ್ಮನ ಮನೆಯಿಂದ ಬಸ್ಸಿನಲ್ಲಿ ವಾಪಸ್ ಬರುವಾಗ, ಶ್ರೀರಂಗಪಟ್ಟಣದ ಹತ್ತಿರ, ಇದ್ದಕ್ಕಿದ್ದ ಹಾಗೆ ಎದೆ ಹೊಡೆದುಕೊಳ್ಳತೊಡಗಿತು. ಕೈ ಜೋಮು ಹಿಡಿಯಿತು. ಉಸಿರು ಸಿಗಲಿಲ್ಲ. ಸತ್ತೇ ಹೋಗುತ್ತೇನೆ ಅನ್ನಿಸಿ ಬಸ್ ನಿಲ್ಲಿಸಿ ಇಳಿದುಬಿಟ್ಟೆ. ಆಸ್ಪತ್ರೆಯಲ್ಲಿ ಇಸಿಜಿ, ಎಕೋ ಮಾಡಿ ‘ಹೃದಯ ಚೆನ್ನಾಗಿದೆ, ಟೆನ್ಷನ್ ಕಡಿಮೆ ಮಾಡ್ಕೊಳ್ಳಿ’ ಎಂದರು. ಆಮೇಲೆ ಮೂರು ಸಲ ಹಾಗೇ ಆಗಿದೆ. ಈಗ ಒಬ್ಬಳೇ ಬಸ್ ಹತ್ತುವುದಿಲ್ಲ. ದಿನಕ್ಕೆ ನಾಲ್ಕೈದು ಕಾಫಿ ಕುಡಿಯುತ್ತೇನೆ. ಬೆಳಗ್ಗೆ ತಿಂಡಿಗೆ ಪುರುಸೊತ್ತಿರುವುದಿಲ್ಲ. ರಾತ್ರಿ ನಿದ್ದೆ ಬಾರದೆ ಮೊಬೈಲಿನಲ್ಲಿ ಹಾರ್ಟ್ ಅಟ್ಯಾಕ್ ಬಗ್ಗೆ ಹುಡುಕುತ್ತೇನೆ. ಕೈಯಲ್ಲಿರುವ ವಾಚಿನಲ್ಲಿ ಎದೆಬಡಿತ ನೋಡುತ್ತಲೇ ಇರುತ್ತೇನೆ. ‘ನಂಗೇನೂ ಆಗಲ್ಲ ಅಲ್ವಾ’ ಅಂತ ಯಜಮಾನರನ್ನು ಕೇಳಿ ಕೇಳಿ ಅವರಿಗೂ ಸಾಕಾಗಿದೆ. ಅತ್ತೆ ದೃಷ್ಟಿ ತೆಗೆದು ದಾರ ಕಟ್ಟಿಸಿದ್ದಾರೆ. ಮಾತ್ರೆ ಅಂದರೆ ನನಗೆ ಭಯ. ದಿನನಿತ್ಯದ ಅಭ್ಯಾಸ ಬದಲಿಸಿಕೊಂಡರೆ ಇದು ಹೋಗುತ್ತದೆಯೇ? ಒಂಬತ್ತು ವರ್ಷದ ಮಗಳಿಗೂ ಇದು ಬಂದುಬಿಡುತ್ತಾ ಅನ್ನುವ ಚಿಂತೆ ಬೇರೆ.

ಉತ್ತರ: ನಿಮಗೆ ಆದದ್ದಕ್ಕೆ ಒಂದು ಹೆಸರಿದೆ. ಅದು ಪ್ಯಾನಿಕ್ ಅಟ್ಯಾಕ್. ‘ಸತ್ತೇ ಹೋಗ್ತೀನಿ ಅನ್ನಿಸ್ತು ಡಾಕ್ಟ್ರೇ’ ಎಂಬ ಮಾತನ್ನು ಮೈಸೂರಿನ ನನ್ನ ಕ್ಲಿನಿಕ್ಕಿನಲ್ಲಿ ಕೇಳದ ವಾರವಿಲ್ಲ. ಹಾಗೆ ಹೇಳುವವರಲ್ಲಿ ಲಾರಿ ಓಡಿಸುವವರಿದ್ದಾರೆ, ಪೊಲೀಸರಿದ್ದಾರೆ, ನಿಮ್ಮ ಹಾಗೆ ತರಗತಿ ತುಂಬ ಮಕ್ಕಳನ್ನು ಒಬ್ಬರೇ ಸಂಭಾಳಿಸುವ ಟೀಚರ್‌ಗಳೂ ಇದ್ದಾರೆ. ಧೈರ್ಯ ಕಡಿಮೆ ಇದ್ದವರಿಗೆ ಬರುವ ಕಾಯಿಲೆ ಇದು ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಆವತ್ತು ಬಸ್ಸಿನಲ್ಲಿ ಒಳಗೆ ನಡೆದದ್ದು ಇಷ್ಟು. ಹಾವು ಕಂಡಾಗ ಓಡುವುದಕ್ಕೆ ದೇಹ ತಯಾರಾಗುತ್ತದಲ್ಲ, ಆ ತಯಾರಿ ಹಾವಿಲ್ಲದೆಯೇ ಶುರುವಾಯಿತು. ಅಡ್ರಿನಲಿನ್ ರಕ್ತಕ್ಕೆ ಸೇರಿತು. ಕೈಕಾಲಿಗೆ ರಕ್ತ ಕಳಿಸಲು ಹೃದಯ ಜೋರಾಗಿ ಬಡಿಯಿತು. ಉಸಿರಾಟ ವೇಗವಾಯಿತು. ನಿಜಕ್ಕೂ ಓಡಿದ್ದರೆ ಆ ಉಸಿರು ಖರ್ಚಾಗುತ್ತಿತ್ತು. ನೀವು ಸೀಟಿನಲ್ಲಿ ಕೂತಿದ್ದಿರಿ. ಹಾಗಾಗಿ ರಕ್ತದಲ್ಲಿನ ಕಾರ್ಬನ್ ಡೈಆಕ್ಸೈಡ್ ಇರಬೇಕಾದ್ದಕ್ಕಿಂತ ಕೆಳಗಿಳಿಯಿತು. ಬೆರಳು ಜೋಮು ಹಿಡಿಯುವುದು, ತುಟಿಯ ಸುತ್ತ ಜುಮ್ ಅನ್ನುವುದು, ತಲೆ ತೇಲಿದ ಹಾಗಾಗುವುದು ಅದರಿಂದಲೇ. ಉಸಿರು ಸಿಗಲಿಲ್ಲ ಅನ್ನಿಸಿದ ಆ ಹೊತ್ತಿನಲ್ಲಿ ನೀವು ಉಸಿರಾಡುತ್ತಿದ್ದದ್ದು ಬೇಕಾದ್ದಕ್ಕಿಂತ ಜಾಸ್ತಿ. ಇದು ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ಆಮೇಲೆ ತಾನಾಗಿ ಇಳಿಯುತ್ತದೆ. ಈ ‘ತಾನಾಗಿ’ ಅನ್ನುವ ಪದವನ್ನು ಸ್ವಲ್ಪ ಹಿಡಿದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಭ್ಯಾಸಗಳ ವಿಷಯಕ್ಕೆ ಬರುವ ಮೊದಲು ಒಂದು ರಕ್ತಪರೀಕ್ಷೆ ಮಾಡಿಸಿ. ಇಸಿಜಿ, ಎಕೋ ಆಗಿದೆ, ಸರಿ. ಥೈರಾಯ್ಡ್ ನೋಡಿದ್ದಾರೋ ಇಲ್ಲವೋ ನೀವು ಬರೆದಿಲ್ಲ. ಥೈರಾಯ್ಡ್ ಗ್ರಂಥಿ ಹೆಚ್ಚು ಕೆಲಸ ಮಾಡಿದರೂ ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ, ಬೆವರುತ್ತದೆ, ನಿದ್ದೆ ಹಾರಿಹೋಗುತ್ತದೆ. ರಕ್ತ ಕಡಿಮೆ ಇದ್ದರೂ ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಎದೆ ಢವಢವ ಅನ್ನುತ್ತದೆ. ಥೈರಾಯ್ಡಿಗೆ ಟಿಎಸ್‌ಎಚ್, ರಕ್ತ ಕಡಿಮೆಯೋ ಎಂದು ನೋಡಲು ಹಿಮೋಗ್ಲೋಬಿನ್, ಎರಡನ್ನೂ ನೋಡಿಸಿ. ಉಬ್ಬಸಕ್ಕೆ ಇನ್ಹೇಲರ್ ಅಥವಾ ಮೂಗು ಕಟ್ಟಿದ್ದಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ಹೇಳಿ, ಅವುಗಳಲ್ಲಿ ಕೆಲವು ಎದೆಬಡಿತ ಏರಿಸುತ್ತವೆ.

ಈಗ ಕಾಫಿ. ಮಂಡ್ಯ ಮೈಸೂರು ಸೀಮೆಯಲ್ಲಿ ಕಾಫಿ ಬಿಡಿ ಅಂತ ಹೇಳುವುದು ಸುಲಭವಲ್ಲ, ಬಿಡಿ ಅಂತ ನಾನು ಹೇಳುವುದೂ ಇಲ್ಲ. ಆದರೆ ಲೆಕ್ಕ ನೋಡಿ. ಗಟ್ಟಿ ಡಿಕಾಕ್ಷನ್ ಹಾಕಿದ ಒಂದು ಲೋಟ ಕಾಫಿಯಲ್ಲಿ 100 ಮಿಲಿಗ್ರಾಂ ಹತ್ತಿರ ಕೆಫೀನ್ ಇರಬಹುದು. ಚಿಕೋರಿ ಜಾಸ್ತಿ ಬೆರೆತಿದ್ದರೆ ಕಡಿಮೆ, ಯಾಕೆಂದರೆ ಚಿಕೋರಿಯಲ್ಲಿ ಕೆಫೀನ್ ಇಲ್ಲ. ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ 400 ಮಿಲಿಗ್ರಾಂವರೆಗೆ ತೊಂದರೆಯಿಲ್ಲ ಎನ್ನುತ್ತಾರೆ. ಪ್ಯಾನಿಕ್ ಇರುವವರಿಗೆ ಈ ಲೆಕ್ಕ ಹೊಂದುವುದಿಲ್ಲ. ಇಂಥವರಿಗೆ ಸುಮಾರು ಐದು ಕಪ್ಪಿನಷ್ಟು ಕೆಫೀನ್ ಒಟ್ಟಿಗೆ ಕೊಟ್ಟು ನೋಡಿದ ಪ್ರಯೋಗಗಳಲ್ಲಿ ಹೆಚ್ಚುಕಡಿಮೆ ಅರ್ಧ ಜನರಿಗೆ ಅಲ್ಲೇ ಅಟ್ಯಾಕ್ ಬಂದಿದೆ. ಕೆಫೀನ್ ಅರ್ಧಕ್ಕಿಳಿಯುವುದಕ್ಕೇ ಐದು ಗಂಟೆ ಬೇಕು. ಸಂಜೆ ಐದಕ್ಕೆ ಸ್ಕೂಲಿನಿಂದ ಬಂದು ಕುಡಿದದ್ದರಲ್ಲಿ ಅರ್ಧ, ರಾತ್ರಿ ಹತ್ತಕ್ಕೆ ನೀವು ಹಾಸಿಗೆ ಹಾಸುವಾಗಲೂ ಒಳಗೆ ಎಚ್ಚರವಾಗಿಯೇ ಕೂತಿರುತ್ತದೆ.

ನಾಳೆಯಿಂದಲೇ ಪೂರ್ತಿ ನಿಲ್ಲಿಸಬೇಡಿ. ತಲೆ ಸಿಡಿಯುತ್ತದೆ, ಆ ತಲೆನೋವೇ ಹೊಸ ಗಾಬರಿಗೆ ಕಾರಣವಾಗುತ್ತದೆ. ಮೂರು ನಾಲ್ಕು ದಿನಕ್ಕೊಮ್ಮೆ ಅರ್ಧರ್ಧ ಲೋಟ ಇಳಿಸುತ್ತಾ ಬನ್ನಿ. ದೊಡ್ಡ ಲೋಟವನ್ನು ಅಟ್ಟಕ್ಕೆ ಹಾಕಿ, ಚಿಕ್ಕ ಲೋಟ ತೆಗೆಯಿರಿ. ದಿನಕ್ಕೆ ಒಂದೂವರೆ ಲೋಟಕ್ಕೆ ಬಂದು ನಿಂತರೂ ಸಾಕು, ಅದೂ ಮಧ್ಯಾಹ್ನ ಹನ್ನೆರಡರೊಳಗೆ. ಎಲ್ಲಕ್ಕಿಂತ ಮುಖ್ಯ, ಖಾಲಿ ಹೊಟ್ಟೆಗೆ ಬೇಡ. ತಿಂಡಿಗೆ ಪುರುಸೊತ್ತಿಲ್ಲ ಅಂದಿರಿ. ಬೆಳಗ್ಗೆ ಏಳರಿಂದ ಮಧ್ಯಾಹ್ನದ ಊಟದವರೆಗೆ ಬರೀ ಕಾಫಿಯಲ್ಲಿದ್ದರೆ ಹಸಿವಿನ ನಡುಕ ಯಾವುದು, ಕೆಫೀನ್ ನಡುಕ ಯಾವುದು, ಭಯದ ನಡುಕ ಯಾವುದು ಅಂತ ನಿಮಗೂ ಗೊತ್ತಾಗುವುದಿಲ್ಲ, ನಿಮ್ಮ ಮೆದುಳಿಗೂ ಗೊತ್ತಾಗುವುದಿಲ್ಲ. ರಾತ್ರಿಯೇ ಕಾಯಿಸಿಟ್ಟ ರಾಗಿ ಅಂಬಲಿಗೆ ಮಜ್ಜಿಗೆ ಬೆರೆಸಿ ಒಂದು ಲೋಟ ಕುಡಿದು ಹೊರಡಿ. ಎರಡು ನಿಮಿಷದ ಕೆಲಸ.

ನಿದ್ದೆಯ ಬಗ್ಗೆ ಒಂದೇ ಮಾತು ಒತ್ತಿ ಹೇಳುತ್ತೇನೆ: ಮಲಗುವ ಹೊತ್ತಿಗಿಂತ ಏಳುವ ಹೊತ್ತನ್ನು ಗಟ್ಟಿ ಮಾಡಿ. ಭಾನುವಾರವೂ ಅದೇ ಹೊತ್ತು. ನಿದ್ದೆ ಬಾರದೆ ಇಪ್ಪತ್ತು ನಿಮಿಷ ಹೊರಳಾಡಿದಿರಾ, ಎದ್ದು ಹಾಲಿಗೆ ಬಂದು ಕೂತುಕೊಳ್ಳಿ. ಟಿವಿ ಬೇಡ, ಮೊಬೈಲ್ ಬೇಡ. ಬಟ್ಟೆ ಮಡಚಿ, ಅವರೆಕಾಯಿ ಕಾಲವಾದರೆ ಕಾಯಿ ಬಿಡಿಸಿ. ಕಣ್ಣು ಎಳೆದಾಗ ಮಾತ್ರ ಹಾಸಿಗೆಗೆ ಹೋಗಿ.

ಇಷ್ಟು ಮಾಡಿದರೆ ಕೈನಡುಕ, ರಾತ್ರಿಯ ಢವಢವ ಒಂದಿಷ್ಟು ಖಂಡಿತ ಕಡಿಮೆಯಾಗುತ್ತದೆ. ಆದರೆ ನಿಮ್ಮ ಪತ್ರವನ್ನು ಎರಡು ಸಲ ಓದಿದ ಮೇಲೆ ನನಗೆ ಅನ್ನಿಸಿದ್ದು ಬೇರೆ. ಗಾಬರಿಗೆ ನಿಜವಾಗಿ ಮೇವು ಹಾಕುತ್ತಿರುವ ಅಭ್ಯಾಸಗಳನ್ನು ನೀವು ತಪ್ಪು ಅಂತ ಬರೆದಿಲ್ಲ. ಅವು ನಿಮ್ಮನ್ನು ಕಾಯುತ್ತಿವೆ ಅಂದುಕೊಂಡಿದ್ದೀರಿ. ಬಸ್ಸಿನಿಂದ ಇಳಿದದ್ದು, ವಾಚ್ ನೋಡುವುದು, ಮೊಬೈಲಿನಲ್ಲಿ ಹುಡುಕುವುದು, ‘ಏನೂ ಆಗಲ್ಲ ಅಲ್ವಾ’ ಅಂತ ಕೇಳುವುದು. ಒಂದೊಂದೂ ಆ ಕ್ಷಣಕ್ಕೆ ನೆಮ್ಮದಿ ಕೊಡುತ್ತದೆ. ತೊಂದರೆ ಇರುವುದು ಆ ನೆಮ್ಮದಿಯಲ್ಲೇ.

ಬಸ್ಸಿನಿಂದ ಇಳಿದಿರಿ, ಸ್ವಲ್ಪ ಹೊತ್ತಿಗೆ ಸರಿಹೋಯಿತು. ಇಳಿಯದೇ ಇದ್ದಿದ್ದರೂ ಅಷ್ಟೇ ಹೊತ್ತಿಗೆ ಸರಿಹೋಗುತ್ತಿತ್ತು, ತಾನಾಗಿ. ಅದು ನಿಮ್ಮ ಮೆದುಳಿಗೆ ಗೊತ್ತಾಗಲೇ ಇಲ್ಲ. ಅದು ಕಲಿತದ್ದು ‘ಇಳಿದಿದ್ದಕ್ಕೆ ಬದುಕಿದೆ’ ಅಂತ. ಮುಂದಿನ ಸಲ ಬಸ್ ಕಂಡರೇ ಗಂಟೆ ಬಾರಿಸುತ್ತದೆ. ಎದೆಬಡಿತದಂಥ ಮಾಮೂಲಿ ಸಂಗತಿಯನ್ನು ಸಾವಿನ ಸೂಚನೆ ಅಂತ ಓದುವುದೇ ಪ್ಯಾನಿಕ್ಕಿನ ಬೇರು ಎಂದು ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ 1986ರಲ್ಲಿ ಬರೆದರು. ಇವತ್ತಿಗೂ ಚಿಕಿತ್ಸೆ ನಿಂತಿರುವುದು ಈ ತಿಳಿವಳಿಕೆಯ ಮೇಲೆಯೇ.

ವಾಚಿನ ವಿಷಯಕ್ಕೆ ಒಬ್ಬರ ಕಥೆ ಹೇಳಬೇಕು. ಗುರುತು ಸಿಗದ ಹಾಗೆ ಸ್ವಲ್ಪ ಬದಲಿಸಿದ್ದೇನೆ. ಪಾಂಡವಪುರದ ಕಡೆಯ ರೈತರು, ಐವತ್ತರ ಆಸುಪಾಸು. ಬಂದವರೇ ಟವೆಲ್ಲಿನಲ್ಲಿ ಸುತ್ತಿದ್ದ ಉದ್ದ ನೋಟ್‌ಬುಕ್ ಬಿಚ್ಚಿ ಮೇಜಿನ ಮೇಲಿಟ್ಟರು. ಸ್ಕೇಲಿನಲ್ಲಿ ಗೆರೆ ಎಳೆದು ನಾಲ್ಕು ಕಾಲಂ ಮಾಡಿದ್ದರು. ಹೊತ್ತು, ಮೇಲಿನ ಬಿಪಿ, ಕೆಳಗಿನ ಬಿಪಿ, ನಾಡಿ. ದಿನಕ್ಕೆ ಹದಿನಾಲ್ಕು ಹದಿನೈದು ಸಾಲು. ಬೆಳಗಿನ ಜಾವ ನಾಲ್ಕೂ ಹತ್ತಕ್ಕೆ ಒಂದು, ನಾಲ್ಕೂ ಇಪ್ಪತ್ತಕ್ಕೆ ಇನ್ನೊಂದು. 130 ದಾಟಿದ್ದಕ್ಕೆಲ್ಲ ಕೆಂಪು ಪೆನ್ನಿನ ಸುತ್ತು. ರಾತ್ರಿ ಕಬ್ಬಿಗೆ ನೀರು ಕಟ್ಟಲು ಹೋದಾಗಲೂ ಚೀಲದಲ್ಲಿ ಮಿಷನ್ ಇರುತ್ತಿತ್ತಂತೆ. ಗದ್ದೆಯ ಬದುವಿನ ಮೇಲೆ ಕೂತು ಬಿಪಿ ನೋಡಿಕೊಳ್ಳುತ್ತಿದ್ದರು.

ಮಿಷನ್ ಬಿಸಾಕಿ ಅಂತ ನಾನು ಹೇಳಲಿಲ್ಲ. ಐದನೇ ಕಾಲಂ ಎಳೆಯಿರಿ ಎಂದೆ. ಪಟ್ಟಿ ಕಟ್ಟಿಕೊಳ್ಳುವ ಮೊದಲು ಎಷ್ಟು ಗಾಬರಿ ಇತ್ತು, ಹತ್ತಕ್ಕೆ ಎಷ್ಟು ಅಂಕ, ಬರೆಯಿರಿ ಎಂದೆ. ಎರಡು ವಾರದ ಮೇಲೆ ನೋಟ್‌ಬುಕ್ ತೆರೆದು ಇಬ್ಬರೂ ಒಟ್ಟಿಗೆ ನೋಡಿದೆವು. ಗಾಬರಿ ಎಂಟು ಇದ್ದಾಗ ಬಿಪಿ ಜಾಸ್ತಿ. ಜಾಸ್ತಿ ಕಂಡ ಕೂಡಲೇ ಗಾಬರಿ ಒಂಬತ್ತು, ಮತ್ತೆ ನೋಡಿದರೆ ಬಿಪಿ ಇನ್ನೂ ಜಾಸ್ತಿ. ಅವರೇ ಬೆರಳಿಟ್ಟು ತೋರಿಸಿದರು, ನಾನು ಏನೂ ಹೇಳಬೇಕಾಗಲಿಲ್ಲ. ಮಿಷನ್ ಅಣ್ಣನ ಮನೆಗೆ ಹೋಯಿತು, ವಾರಕ್ಕೊಂದೇ ಸಲ ನೋಡುವುದು ಅಂತಾಯಿತು. ‘ನಾಕ್ ದಿನ ಪ್ರಾಣ ಹೋದಂಗಾಯ್ತು ಸಾ. ಆಮ್ಯಾಕೆ ಮರ್ತೇ ಹೋಯ್ತು’ ಎಂದರು ಮುಂದಿನ ಸಲ ಬಂದಾಗ.

ಆ ನಾಲ್ಕು ದಿನ ನಿಮಗೂ ಬರುತ್ತದೆ. ವಾಚ್ ಬಿಚ್ಚಿಟ್ಟ ಮಣಿಕಟ್ಟು ಖಾಲಿ ಖಾಲಿ ಅನ್ನಿಸುತ್ತದೆ, ಕೈ ತಾನೇ ಕತ್ತಿನ ನಾಡಿ ಹುಡುಕುತ್ತದೆ. ಆಗ ಸೋತೆ ಅಂದುಕೊಳ್ಳಬೇಡಿ. ಹೊತ್ತು ನೋಡಲು ಮುಳ್ಳಿನ ವಾಚ್ ಕಟ್ಟಿಕೊಳ್ಳಿ.

ಯಜಮಾನರ ಜೊತೆ ಒಂದು ಒಪ್ಪಂದ ಮಾಡಿಕೊಳ್ಳಿ, ಗಾಬರಿ ಇಲ್ಲದ ಹೊತ್ತಿನಲ್ಲಿ, ಇಬ್ಬರೂ ಕೂತು. ನೀವು ‘ಏನೂ ಆಗಲ್ಲ ಅಲ್ವಾ’ ಅಂದಾಗ ಅವರು ‘ಇಲ್ಲ ಕಣೇ, ಏನೂ ಆಗಲ್ಲ’ ಅನ್ನುವ ಬದಲು ‘ಇದು ಗಾಬರಿ ಕೇಳ್ತಿರೋ ಪ್ರಶ್ನೆ, ಬಾ, ಕೂತಿರೋಣ’ ಎನ್ನಲಿ. ಕಲ್ಲು ಮನಸ್ಸಿನವರು ಅನ್ನಿಸಬಹುದು. ಆದರೆ ಸಮಾಧಾನದ ಮಾತು ಹತ್ತು ನಿಮಿಷ ಬಾಳುತ್ತದೆ, ಹನ್ನೊಂದನೇ ನಿಮಿಷಕ್ಕೆ ಮತ್ತೆ ಬೇಕು. ನಿಮ್ಮಿಬ್ಬರಿಗೂ ಇದು ಆಗಲೇ ಗೊತ್ತಾಗಿದೆ. ಅತ್ತೆ ಕಟ್ಟಿಸಿದ ದಾರ ಇರಲಿ. ಅವರ ಪ್ರೀತಿ ಅದು. ದಾರ ಮರೆತ ದಿನ ಹೊರಗೆ ಕಾಲಿಡಲಾರೆ ಅನ್ನಿಸಿದರೆ ಮಾತ್ರ ಎಚ್ಚರವಾಗಿ. ನೀರಿನ ಬಾಟಲಿಗೂ, ಬ್ಯಾಗಿನಲ್ಲಿ ಇರಲಿ ಅಂತ ಇಟ್ಟ ಮಾತ್ರೆಗೂ, ಬಸ್ಸಿನ ಬಾಗಿಲ ಪಕ್ಕದ ಸೀಟಿಗೂ ಇದೇ ಮಾತು. ಎಲ್ಲವೂ ಊರುಗೋಲುಗಳು. ಒಂದೊಂದಾಗಿ ಬಿಡಬೇಕು.

ಮೊಬೈಲಿನಲ್ಲಿ ರೋಗ ಹುಡುಕುವುದನ್ನು ಪೂರ್ತಿ ನಿಲ್ಲಿಸಿ. ಇದರಲ್ಲಿ ಅರ್ಧ ಲೋಟದ ರಿಯಾಯಿತಿ ಇಲ್ಲ. ಚಿಂತೆಗೆ ಬೇರೆ ಜಾಗ ಕೊಡಿ. ಸಂಜೆ ಆರೂವರೆಗೆ ಇಪ್ಪತ್ತು ನಿಮಿಷ, ಊಟದ ಮೇಜಿನ ಹತ್ತಿರ, ಒಂದು ಹಾಳೆ ಇಟ್ಟುಕೊಂಡು ಬೇಕಾದಷ್ಟು ಚಿಂತೆ ಮಾಡಿ, ಬರೆಯಿರಿ. ಬೇರೆ ಹೊತ್ತಿನಲ್ಲಿ ಚಿಂತೆ ಬಂದರೆ ‘ಆರೂವರೆಗೆ ಬಾ’ ಅಂತ ಮುಂದೂಡಿ. ಹೇಳಲು ವಿಚಿತ್ರ ಅನ್ನಿಸಿದರೂ ಇದು 1983ರಲ್ಲಿ ಅಮೆರಿಕದ ಥಾಮಸ್ ಬೊರ್ಕೊವೆಕ್ ಮತ್ತು ಜೊತೆಗಾರರು ಪರೀಕ್ಷಿಸಿ ನೋಡಿದ ಕ್ರಮ. ನನ್ನ ಬಳಿ ಬರುವವರಲ್ಲಿ ಬಹಳ ಜನ ಆರೂವರೆಗೆ ಕೂತಾಗ ಮಧ್ಯಾಹ್ನದ ಚಿಂತೆ ಯಾವುದು ಅಂತಲೇ ಮರೆತಿರುತ್ತಾರೆ.

ಉಸಿರಾಟದ ಅಭ್ಯಾಸವನ್ನು ಎಲ್ಲರೂ ಹೇಳಿಕೊಡುತ್ತಾರೆ, ಒಳ್ಳೆಯದೇ. ನಾಲ್ಕು ಎಣಿಸಿ ಮೂಗಿನಲ್ಲಿ ಎಳೆದುಕೊಳ್ಳಿ, ಆರು ಎಣಿಸಿ ನಿಧಾನವಾಗಿ ಬಿಡಿ. ಹೊಟ್ಟೆ ಏಳಬೇಕು, ಭುಜ ಏಳಬಾರದು. ಉಸಿರು ಬಿಡುವುದು ಉದ್ದವಾದಾಗ ಎದೆಬಡಿತ ಇಳಿಯುತ್ತದೆ. ದಿನಕ್ಕೆ ಎರಡು ಸಲ, ಐದೈದು ನಿಮಿಷ, ಮನಸ್ಸು ಶಾಂತವಾಗಿರುವಾಗಲೇ ಮಾಡಿ. ಅಟ್ಯಾಕ್ ಬಂದಾಗ ಅದನ್ನು ಓಡಿಸಲೇಬೇಕು ಅಂತ ಜೋರಾಗಿ ಎಳೆದು ಬಿಟ್ಟು ಮಾಡಬೇಡಿ. ಕಾರ್ಬನ್ ಡೈಆಕ್ಸೈಡ್ ಇನ್ನೂ ಇಳಿಯುತ್ತದೆ, ಜೋಮು ಹೆಚ್ಚುತ್ತದೆ.

ನಡಿಗೆಯನ್ನು ಇದಕ್ಕಿಂತ ಮೇಲಿಡುತ್ತೇನೆ. ಎದೆಬಡಿತಕ್ಕೆ ಹೆದರುವವರು ಬಿರುಸಾಗಿ ನಡೆಯುವುದನ್ನೇ ಬಿಟ್ಟಿರುತ್ತಾರೆ, ಮೆಟ್ಟಿಲು ಕಂಡರೆ ಲಿಫ್ಟ್ ಹುಡುಕುತ್ತಾರೆ. ನೀವೂ ಹಾಗೆ ಮಾಡುತ್ತಿರಬಹುದು. ನಿಮ್ಮ ಎಕೋ ಚೆನ್ನಾಗಿದೆ, ಹೆದರದೆ ನಡೆಯಿರಿ. ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸು ನಡಿಗೆಯಂಥ ವ್ಯಾಯಾಮ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ. ತವರಿಗೆ ಬಂದಾಗ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಒಂದು ಸುತ್ತು ಹಾಕಿ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ ಇರಲಿ. ಎದೆ ಹೊಡೆದುಕೊಳ್ಳುತ್ತದೆ, ಬೆವರು ಬರುತ್ತದೆ, ಉಸಿರು ಏರುತ್ತದೆ. ಬಸ್ಸಿನಲ್ಲಿ ಆದದ್ದೂ ಇವೇ ಅಲ್ವಾ? ಕೆರೆ ಏರಿಯ ಮೇಲೆ ಇವು ಬಂದು, ಏನೂ ಆಗದೆ ಹೋಗುವುದನ್ನು ದೇಹ ದಿನಾ ಕಾಣುತ್ತಾ ಹೋದರೆ ಬಸ್ಸಿನೊಳಗೆ ಬಂದಾಗಲೂ ಗುರುತು ಹಿಡಿಯುತ್ತದೆ.

ಈಗ ಬಸ್. ಮೈಸೂರಿಗೆ 45 ಕಿಲೋಮೀಟರ್ ಒಂದೇ ಸಲಕ್ಕೆ ಬೇಡ. ಮೊದಲು ಮಂಡ್ಯ ಬಸ್ ಸ್ಟ್ಯಾಂಡಿಗೆ ಹೋಗಿ ಅರ್ಧ ಗಂಟೆ ಸುಮ್ನೆ ಕೂತು ಬನ್ನಿ. ಆಮೇಲೆ ಊರೊಳಗೇ ಎರಡು ಸ್ಟಾಪಿನ ದೂರ ಒಬ್ಬರೇ ಹೋಗಿ ಬನ್ನಿ, ಗಾಬರಿ ಹತ್ತಕ್ಕೆ ಮೂರಕ್ಕಿಳಿಯುವ ತನಕ ಅದೇ ದೂರವನ್ನು ದಿನವೂ ಮಾಡಿ. ಅದು ಬೇಸರ ತರಿಸಿದಾಗ ಶ್ರೀರಂಗಪಟ್ಟಣದ ತನಕ ಹೋಗಿ, ಯಜಮಾನರು ಅದೇ ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿರಲಿ. ಮುಂದಿನ ವಾರ ಅವರು ಮನೆಯಲ್ಲಿರಲಿ. ನೀವು ಇಳಿದುಹೋದ ಜಾಗ ಅದೇ ದಾರಿಯಲ್ಲಿದೆ, ಅಲ್ಲಿ ಎದೆ ಹೊಡೆದುಕೊಂಡೇ ಹೊಡೆದುಕೊಳ್ಳುತ್ತದೆ. ಕಂಡಕ್ಟರ್ ಕಡೆ ನೋಡಬೇಡಿ. ಮುಂದಿನ ಸೀಟಿನ ಕಂಬಿಯ ಮೇಲೆ ಕೈ ಸಡಿಲವಾಗಿ ಇಡಿ, ಬಿಗಿಯಾಗಿ ಹಿಡಿಯಬೇಡಿ. ಹೊರಗೆ ನೋಡುತ್ತಾ ಕೂತಿರಿ. ತಲೆ ಸುತ್ತಿದರೂ ಪ್ಯಾನಿಕ್ಕಿನಲ್ಲಿ ಜ್ಞಾನ ತಪ್ಪಿ ಬೀಳುವುದು ಬಹಳ ಅಪರೂಪ, ಯಾಕೆಂದರೆ ಬೀಳಬೇಕಾದರೆ ಬಿಪಿ ಇಳಿಯಬೇಕು, ಗಾಬರಿಯಲ್ಲಿ ಅದು ಏರಿರುತ್ತದೆ. ಮಧ್ಯದಲ್ಲಿ ಇಳಿಯಬೇಡಿ ಅನ್ನುವುದೊಂದೇ ನಿಯಮ. ಯಾವತ್ತೋ ಒಂದು ದಿನ ಇಳಿದುಬಿಟ್ಟರೆ ಮುಂದಿನ ಬಸ್ ಹತ್ತಿ, ಆವತ್ತೇ.

ನೀವು ಕೇಳಿದ್ದಕ್ಕೆ ನೇರ ಉತ್ತರ: ಅಭ್ಯಾಸ ಬದಲಿಸಿದರಷ್ಟೇ ಸಾಕಾಗುವವರಿದ್ದಾರೆ. ನಿಮಗೆ ನಾಲ್ಕು ಅಟ್ಯಾಕ್ ಆಗಿದೆ, ಏಳು ತಿಂಗಳು ಕಳೆದಿದೆ, ಬಸ್ ಬಿಟ್ಟಿದ್ದೀರಿ. ನೀವು ಒಬ್ಬ ಮನೋವೈದ್ಯರನ್ನೂ ನೋಡಬೇಕು ಅನ್ನುವುದು ನನ್ನ ಅಭಿಪ್ರಾಯ. ಇವುಗಳನ್ನೆಲ್ಲ ಮಾಡಿ ಮುಗಿಸಿದ ಮೇಲಲ್ಲ, ಇವುಗಳ ಜೊತೆಗೇ. ಮಂಡ್ಯದ ಮಿಮ್ಸ್‌ನಲ್ಲಿ, ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗ ಇದೆ. ಮೊದಲು ಫೋನಿನಲ್ಲಿ ಮಾತಾಡಬೇಕು ಅನ್ನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ. 2022ರ ಅಕ್ಟೋಬರ್ 10ರಂದು ಶುರುವಾದದ್ದು. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಬದುಕೇ ಬೇಡ ಅನ್ನುವ ಯೋಚನೆ ಯಾವತ್ತಾದರೂ ಬಂದರೆ ಆ ಕ್ಷಣವೇ ಈ ನಂಬರ್ ಒತ್ತಿ, ಮನೆಯವರಿಗೂ ಹೇಳಿ. ಹಾಗೆಯೇ, ನಡೆದಾಗ ಎದೆಯಲ್ಲಿ ಹಿಂಡಿದಂಥ ನೋವು ಬಂದು ತೋಳಿಗೋ ದವಡೆಗೋ ಹರಡಿದರೆ, ಅಥವಾ ನಿಜಕ್ಕೂ ಪ್ರಜ್ಞೆ ತಪ್ಪಿದರೆ, ಗಾಬರಿ ಅಂತ ಕೂರದೆ ಆಸ್ಪತ್ರೆಗೆ ಹೋಗಿ.

ಮಾತ್ರೆಯ ಭಯ ಇರುವವರು ಸಾಮಾನ್ಯವಾಗಿ ಎರಡು ಬೇರೆ ಮಾತ್ರೆಗಳನ್ನು ಒಂದೇ ಅಂದುಕೊಂಡಿರುತ್ತಾರೆ. ಆಲ್ಪ್ರಜೋಲಾಮ್ ಥರದ್ದು ಅರ್ಧ ಗಂಟೆಯಲ್ಲಿ ಮಂಪರು ಬಂದ ಹಾಗೆ ಮಾಡಿ ಗಾಬರಿ ಇಳಿಸುತ್ತದೆ. ಚಟ ಹಿಡಿಯುವುದು ಇದು. ತಿಂಗಳುಗಟ್ಟಲೆ ತೆಗೆದುಕೊಂಡು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಕೂಡ ಬರಬಹುದು. ಚೀಟಿ ಇಲ್ಲದೆ ಮೆಡಿಕಲ್ ಶಾಪಿನಲ್ಲಿ ಇದನ್ನು ಕೊಡುವ ಹಾಗಿಲ್ಲ, ಪಕ್ಕದ ಮನೆಯವರು ತಮ್ಮದರಲ್ಲಿ ಒಂದು ಕೊಟ್ಟರೂ ತೆಗೆದುಕೊಳ್ಳಬೇಡಿ. ಪ್ಯಾನಿಕ್ಕಿಗೆ ಡಾಕ್ಟರು ಮುಖ್ಯವಾಗಿ ಬರೆಯುವ ಮಾತ್ರೆ ಬೇರೆ. ಅದು ಕೆಲಸ ಶುರು ಮಾಡಲು ಎರಡರಿಂದ ನಾಲ್ಕು ವಾರ ಬೇಕು, ಚಟ ಹತ್ತುವುದಿಲ್ಲ. ನಿಲ್ಲಿಸುವಾಗ ಮಾತ್ರ ಡಾಕ್ಟರು ಹೇಳಿದ ಹಾಗೆ ನಿಧಾನವಾಗಿ ಇಳಿಸಬೇಕು. ಬೇಕೋ ಬೇಡವೋ ಅನ್ನುವುದನ್ನು ನಿಮ್ಮನ್ನು ನೋಡಿದವರು ನಿಮ್ಮ ಜೊತೆ ಕೂತು ತೀರ್ಮಾನಿಸಲಿ.

ಮಗಳ ವಿಷಯ. ಆತಂಕದ ಸ್ವಭಾವ ವಂಶದಲ್ಲಿ ಸ್ವಲ್ಪ ಹರಿಯುತ್ತದೆ, ನಿಜ. ಅಮ್ಮನಿಗೆ ಇದ್ದ ಮಾತ್ರಕ್ಕೆ ಮಗಳಿಗೆ ಬಂದೇ ಬರುತ್ತದೆ ಅಂತೇನಿಲ್ಲ. ಆದರೆ ಮಕ್ಕಳು ನೋಡಿ ಕಲಿಯುತ್ತಾರೆ, ಇದನ್ನು ಟೀಚರಿಗೆ ನಾನು ಹೇಳಬೇಕಾಗಿಲ್ಲ. ಒಂಬತ್ತು ವರ್ಷದ ಹುಡುಗಿಗೆ ಮನೆಯಲ್ಲಿ ಏನೋ ಆಗುತ್ತಿದೆ ಅಂತ ಆಗಲೇ ಗೊತ್ತಿರುತ್ತದೆ. ಬಾಗಿಲು ಹಾಕಿಕೊಂಡು ಅಪ್ಪ ಅಮ್ಮ ಪಿಸುಗುಟ್ಟಿದರೆ ಅವಳು ಇನ್ನೂ ದೊಡ್ಡದನ್ನು ಊಹಿಸಿಕೊಳ್ಳುತ್ತಾಳೆ. ಕೂರಿಸಿಕೊಂಡು ಹೇಳಿ: ‘ಅಮ್ಮಂಗೆ ಕೆಲವೊಂದು ಸಲ ಎದೆ ಜೋರಾಗಿ ಹೊಡ್ಕೊಳ್ಳತ್ತೆ ಪುಟ್ಟಾ. ಹೆದರಿಕೆ ಆಗತ್ತೆ, ಸ್ವಲ್ಪ ಹೊತ್ತಿಗೆ ಹೋಗತ್ತೆ. ಅದಕ್ಕೆ ಡಾಕ್ಟರ್ ಹತ್ರ ಹೋಗ್ತಿದೀನಿ, ಬಸ್ ಪ್ರಾಕ್ಟೀಸ್ ಮಾಡ್ತಿದೀನಿ.’ ಪ್ರಾಕ್ಟೀಸ್ ಅನ್ನುವ ಪದ ಅವಳಿಗೆ ಚೆನ್ನಾಗಿ ಅರ್ಥವಾಗುತ್ತದೆ, ಮಗ್ಗಿ ಬಾಯಿಪಾಠ ಮಾಡುವ ವಯಸ್ಸು ಅದು. ಒಬ್ಬರೇ ಎರಡು ಮೂರು ಸಲ ಮೈಸೂರಿಗೆ ಹೋಗಿ ಬಂದ ಮೇಲೆ ಒಂದು ಶನಿವಾರ ಅವಳನ್ನೂ ಕರೆದುಕೊಂಡು ಅಜ್ಜಿ ಮನೆಗೆ ಹೊರಡಿ. ಕಿಟಕಿ ಪಕ್ಕ ಅವಳೇ ಕೂರಲಿ. ಶ್ರೀರಂಗಪಟ್ಟಣದ ಹತ್ತಿರ ನಿಮಗೆ ಎದೆ ಹೊಡೆದುಕೊಂಡರೆ ‘ಈಗ ಹೊಡ್ಕೋತಿದೆ’ ಅಂತ ಅವಳಿಗೆ ಹೇಳಿ, ಹೊಳೆ ದಾಟುವುದನ್ನು ಇಬ್ಬರೂ ನೋಡುತ್ತಾ ಹೋಗಿ.